ಹೊಲದಲ್ಲಿ ಸಿಕ್ಕಿದ್ದೆಲ್ಲ ಟಿಪ್ಪು ಕಾಲದ್ದಲ್ಲ

ಒಂದು ಸೋಮವಾರ ಬೆಳಿಗ್ಗೆ. ಪ್ರಾರ್ಥನೆ ಮುಗಿದು ಹಾಜರಿ ಕೂಗುತ್ತಿದ್ದೆವು. ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ಬಂದು ಚಡ್ಡಿ ಜೇಬಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟ. ಹೆಬ್ಬೆರಳು ದಪ್ಪದ, ಹಸಿರು ಕಿಲುಬು ಹಿಡಿದ ಪುಟ್ಟ ಹಿತ್ತಾಳೆ ಬಟ್ಟಲು.

"ಏನೋ ಇದು? ಎಲ್ಲಿ ಸಿಕ್ತು?"

"ರಾಗಿ ಹೊಲ ಉಳುವಾಗ ಸಿಕ್ತು ಸಾರ್. ಟಿಪ್ಪು ಸುಲ್ತಾನ್ ಕಾಲದ ತೋಟಾ ಅಂತ ನಮ್ಮ ತಾತ ಹೇಳಿದ್ರು. ಹೌದಾ ಸಾರ್?"

ಇಡೀ ತರಗತಿ ನಮ್ಮ ಬಾಯನ್ನೇ ನೋಡುತ್ತಿತ್ತು. ನಾವು ಆ ಬಟ್ಟಲನ್ನು ತಿರುಗಿಸಿಯೂ ನೋಡಲಿಲ್ಲ. "ಇರಬಹುದಪ್ಪಾ, ಈ ಸೀಮೆಯಲ್ಲಿ ಯುದ್ಧ ಆಗಿದೆಯಲ್ಲ" ಎಂದುಬಿಟ್ಟೆವು. ಆ ಒಂದು "ಇರಬಹುದು" ಎಷ್ಟು ದುಬಾರಿ ಮಾತು ಎಂಬುದು ಹತ್ತು ದಿನದಲ್ಲೇ ಗೊತ್ತಾಯಿತು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇವೆ. ಕನ್ನಡ ಶಾಲೆಗಳಲ್ಲಿ ಪಾಠ ಮಾಡುವವರೂ, ಅಲ್ಲಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಯರೂ ದಯವಿಟ್ಟು ಕೊನೆಯವರೆಗೆ ಓದಬೇಕು.

ಮಾರನೆಯ ದಿನದಿಂದ ಮೇಜು ತುಂಬತೊಡಗಿತು. ತುಕ್ಕು ಹಿಡಿದ ಲಾಳ, ಗಾಡಿ ಕೀಲು, ಮುರಿದ ಕುಡುಗೋಲು. "ಫಿರಂಗಿ ಗುಂಡು" ಎಂದು ಒಬ್ಬ ತಂದದ್ದು ಲಾರಿ ಬೇರಿಂಗಿನ ಗೋಲಿ! ನಾವೂ ನಕ್ಕೆವು, ಮಕ್ಕಳೂ ನಕ್ಕರು. ಆದರೆ ಎರಡನೇ ವಾರ ಒಬ್ಬ ಹುಡುಗಿ ಜಾಮಿಟ್ರಿ ಬಾಕ್ಸ್ ತೆರೆದಾಗ ನಮ್ಮ ನಗು ನಿಂತುಹೋಯಿತು. ಕೈವಾರ, ಕೋನಮಾಪಕಗಳ ಜತೆ ಒಂದು ತೋಟಾ ಮಲಗಿತ್ತು. ಇದು ಖಾಲಿ ಬಟ್ಟಲಲ್ಲ. ಉದ್ದನೆಯ ಹಿತ್ತಾಳೆ ಕೊಳವೆ, ಮೇಲೆ ಕಿರಿದಾದ ಕುತ್ತಿಗೆ, ಅದರ ತುದಿಯಲ್ಲಿ ಚೂಪಾದ ಗುಂಡು ಹಾಗೆಯೇ ಕೂತಿತ್ತು. ಕೆರೆ ಹೂಳು ತಂದು ಹೊಲಕ್ಕೆ ಹರಡಿದ್ದರಂತೆ, ಅದರಲ್ಲಿ ಸಿಕ್ಕಿತಂತೆ. ಮೂರು ದಿನದಿಂದ ಅದು ಅವಳ ಬ್ಯಾಗಿನಲ್ಲಿತ್ತು. ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಬರಿಸಿದ್ದಳು, "ಸಾರ್‌ಗೆ ಚೆನ್ನಾಗಿ ಕಾಣಲಿ" ಎಂದು.

ಮಕ್ಕಳನ್ನೆಲ್ಲ ಮೈದಾನಕ್ಕೆ ಕಳಿಸಿ, ಬಾಕ್ಸನ್ನು ಅಲ್ಲಾಡಿಸದೆ ಮೇಜಿನ ಮೇಲೆಯೇ ಬಿಟ್ಟು, ಬಾಗಿಲು ಹಾಕಿ ಪೊಲೀಸರಿಗೆ ಫೋನ್ ಮಾಡಿದೆವು. ಅವರು ಬಂದು ನೋಡಿ, ಎಲ್ಲಿ ಸಿಕ್ಕಿತೆಂದು ಬರೆದುಕೊಂಡು, ತೆಗೆದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಮಾತ್ರ ನಮಗೆ ನಿದ್ದೆ ಬರಲಿಲ್ಲ. ಆ ಹುಡುಗಿ ಅದನ್ನು ತಂದದ್ದು ನಮ್ಮ ಮಾತಿಗೆ. ತಪ್ಪು ಅವಳದ್ದಲ್ಲ, ನಮ್ಮದು.

ಆ ಮೇಲೆ ಕೂತು ಓದಿದೆವು, ತಿಳಿದವರನ್ನು ಕೇಳಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ ಅದು.

ಮೊದಲು ಆ ಹಿತ್ತಾಳೆ ಬಟ್ಟಲಿನ ಕತೆ. ತಿರುಗಿಸಿ ನೋಡಿದರೆ ತಳದಲ್ಲಿ 12 ಎಂಬ ಅಂಕಿ ಸ್ಪಷ್ಟವಾಗಿ ಒತ್ತಿತ್ತು. ಅದು ಹನ್ನೆರಡು ಬೋರಿನ ತೋಟಾ ಕೋವಿಯ ತೋಟಾ. ಬುಡ ಮಾತ್ರ ಹಿತ್ತಾಳೆ, ಮೇಲಿನ ಕೊಳವೆ ಕಾಗದದ್ದೋ ಪ್ಲಾಸ್ಟಿಕ್ಕಿನದ್ದೋ ಆಗಿರುತ್ತದೆ. ಮಣ್ಣಿನಲ್ಲಿ ಕಾಗದ ಕೊಳೆತು ಹೋಗಿ ಬುಡ ಉಳಿಯುತ್ತದೆ. ಹಂದಿ ಓಡಿಸಲು ಯಾರೋ ಹಾರಿಸಿದ್ದಿರಬೇಕು. ಲೈಸೆನ್ಸ್ ಇದ್ದವರೋ ಇಲ್ಲದವರೋ, ಹೇಗೂ ಟಿಪ್ಪುವಂತೂ ಅಲ್ಲ!

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಕಾರಣ ಸರಳ. ಟಿಪ್ಪು ಕಾಲದಲ್ಲಿ ಹಿತ್ತಾಳೆ ತೋಟಾ ಎಂಬುದೇ ಇರಲಿಲ್ಲ. ಆಗಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಮೇಲೆ ಸೀಸದ ಗುಂಡು ತುಂಬಿ ಗಜದಿಂದ ಜಡಿಯಬೇಕಿತ್ತು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುತ್ತಿತ್ತು. ಒಂದು ಗುಂಡಿಗೆ ಬೇಕಾದಷ್ಟು ಮದ್ದನ್ನು ಗುಂಡಿನ ಜತೆ ಕಾಗದದಲ್ಲಿ ಸುತ್ತಿಟ್ಟಿರುತ್ತಿದ್ದರು, ಅದೇ ಆ ಕಾಲದ ತೋಟಾ. ಸಿಪಾಯಿ ಹಲ್ಲಿನಿಂದ ಕಾಗದ ಕಚ್ಚಿ ಹರಿಯುತ್ತಿದ್ದ. 1857ರ ದಂಗೆಗೆ ಕಿಡಿಯಾದ, ಕೊಬ್ಬು ಸವರಿದ ತೋಟಾ ಕೂಡ ಕಾಗದದ್ದೇ. ಇಂಗ್ಲಿಷರ ಸೈನ್ಯಕ್ಕೆ ಲೋಹದ ತೋಟಾ ಬಂದದ್ದು 1866ರ ಸ್ನೈಡರ್ ಕೋವಿಯ ಜತೆ, ಆ ಮೇಲೆ 1871ರಲ್ಲಿ ಮಾರ್ಟಿನಿ ಹೆನ್ರಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಲೆಕ್ಕ ಮಕ್ಕಳೇ ಮಾಡಲಿ.

ಹಾಗಾದರೆ ಆ ಕಾಲದ್ದು ಏನು ಸಿಗಬಹುದು? ಸೀಸದ ದುಂಡನೆಯ ಗುಂಡು. ಗೋಲಿಯಷ್ಟೇ ಇರುತ್ತದೆ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ, ಮೇಲೆ ಬೂದುಬಿಳಿಯ ಪದರ. ಕಂಪನಿ ಸಿಪಾಯಿಗಳ ಮಸ್ಕೆಟ್ಟಿನ ಗುಂಡು ಸುಮಾರು 17 ಮಿಲಿಮೀಟರ್ ಅಗಲ, 30 ಗ್ರಾಂ ಆಸುಪಾಸಿನ ತೂಕದ್ದು. ಅಚ್ಚಿನಲ್ಲಿ ಎರಕ ಹೊಯ್ದ ಗೆರೆ ಕೆಲವದರಲ್ಲಿ ಉಳಿದಿರುತ್ತದೆ. ಚಕಮಕಿ ಕಲ್ಲಿನ ಚೂರು ಸಿಗಬಹುದು, ಬೆಲ್ಟಿನ ಕೊಂಡಿ ಸಿಗಬಹುದು, ಕಬ್ಬಿಣದ ಫಿರಂಗಿ ಗುಂಡು ಸಿಗಬಹುದು.

ಯಾಕೆಂದರೆ ಈ ಸೀಮೆಯಲ್ಲಿ ಯುದ್ಧ ಆದದ್ದು ಸುಳ್ಳಲ್ಲ. ತಾತ ಹೇಳಿದ್ದರಲ್ಲಿ ಅಷ್ಟು ಮಟ್ಟಿಗೆ ನಿಜವಿದೆ. 1768ರಲ್ಲಿ ಹೈದರ್ ಅಲಿ ನಮ್ಮ ಬಾಗಲೂರಿನಲ್ಲೇ ಕರ್ನಲ್ ವುಡ್‌ನ ಫಿರಂಗಿಗಳನ್ನೂ ಸಾಮಾನು ಸರಂಜಾಮನ್ನೂ ವಶಪಡಿಸಿಕೊಂಡ. 1791ರ ಜುಲೈನಲ್ಲಿ ಹೊಸೂರು, ರಾಯಕೋಟೆಗಳು ಕಾರ್ನ್‌ವಾಲಿಸ್ ಸೈನ್ಯದ ಕೈ ಸೇರಿದವು. ಅದೇ ವರ್ಷ ನವೆಂಬರ್‌ನಲ್ಲಿ ಕೃಷ್ಣಗಿರಿ ಕೋಟೆಗೆ ನುಗ್ಗಲು ಹೋದ ಮ್ಯಾಕ್ಸ್‌ವೆಲ್‌ನ ಪಡೆ ಪೆಟ್ಟು ತಿಂದು ಹಿಂದೆ ಸರಿಯಬೇಕಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು. ಬೆಟ್ಟದ ಮೇಲಿನ ನಮ್ಮ ಹೊಸೂರು ಸೀಮೆ ಇನ್ನೂ ಏಳು ವರ್ಷ ಮೈಸೂರಿನದಾಗಿಯೇ ಇತ್ತು. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್‌ನ ದೊಡ್ಡ ಸೈನ್ಯ ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಾಗಿಯೇ ಶ್ರೀರಂಗಪಟ್ಟಣಕ್ಕೆ ನಡೆಯಿತು. ನಮ್ಮ ಮಕ್ಕಳು ದಿನಾ ಬಸ್ಸಿನಲ್ಲಿ ಓಡಾಡುವ ಊರುಗಳು ಇವು.

ಆದರೆ ಈ ಊರುಗಳ ಹೆಸರು ಪಾಠಪುಸ್ತಕದಲ್ಲಿ ಸಿಗುವುದು ಎಷ್ಟು? ಆ ಕಡೆಯ ಪುಸ್ತಕದಲ್ಲಿ ಶ್ರೀರಂಗಪಟ್ಟಣ ಇದೆ, ಈ ಕಡೆಯ ಪುಸ್ತಕದಲ್ಲಿ ಕಟ್ಟಬೊಮ್ಮನ್ ಇದ್ದಾನೆ. ಇಬ್ಬರೂ ದೊಡ್ಡವರೇ, ಬೇಡ ಎನ್ನುವವರು ನಾವಲ್ಲ. ನಡುವೆ ಇರುವ ಬಾಗಲೂರು, ಕೆಲಮಂಗಲಗಳು ಮಾತ್ರ ಗಡಿಯ ಬೇಲಿಯಲ್ಲಿ ಸಿಕ್ಕಿಕೊಂಡ ಬಟ್ಟೆಯ ಹಾಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಪುಸ್ತಕದಲ್ಲಿ ತನ್ನ ಊರು ಕಾಣದ ಮಗು ಮಣ್ಣಿನಲ್ಲಿ ಹುಡುಕುತ್ತದೆ. ಒಂದು ಹಿತ್ತಾಳೆ ಚೂರು ಸಿಕ್ಕರೆ ಸಾಕು, "ನಮ್ಮೂರಿಗೂ ಚರಿತ್ರೆ ಇದೆ" ಎಂದು ಕುಣಿಯುತ್ತದೆ. ಆ ಹಸಿವು ನಿಜವಾದದ್ದು. ಅದಕ್ಕೆ ನಾವು ಬಡಿಸಿದ್ದು ಒಂದು "ಇರಬಹುದು".

ಈಗ ಎರಡನೇ ತೋಟಾದ ವಿಷಯ. ತಳದಲ್ಲಿ ಅಂಚು ಹೊರಕ್ಕೆ ಚಾಚಿದ, ಮೇಲೆ ಬಾಟಲಿಯ ಹಾಗೆ ಕುತ್ತಿಗೆ ಕಿರಿದಾದ ಈ ಬಗೆಯದ್ದು ನಮ್ಮ ದೇಶದಲ್ಲಿ ಹೆಚ್ಚಾಗಿ ಪಾಯಿಂಟ್ ಮುನ್ನೂರ ಮೂರು, ಅಂದರೆ ತ್ರೀ ನಾಟ್ ತ್ರೀ. ಖಾಲಿ ಕೊಳವೆಯ ಉದ್ದ ಸುಮಾರು 56 ಮಿಲಿಮೀಟರ್. 1880ರ ದಶಕದ ಕೊನೆಗೆ ಇಂಗ್ಲಿಷರ ಸೈನ್ಯಕ್ಕೆ ಬಂದ ಈ ತೋಟಾ ಎರಡು ಮಹಾಯುದ್ಧಗಳನ್ನು ಕಂಡಿತು. ಸ್ವಾತಂತ್ರ್ಯ ಬಂದ ಮೇಲೂ ದಶಕಗಟ್ಟಲೆ ನಮ್ಮ ಪೊಲೀಸರ ಹೆಗಲ ಮೇಲೆ ಇದೇ ಕೋವಿ ಇತ್ತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು! ಆದ್ದರಿಂದ ತ್ರೀ ನಾಟ್ ತ್ರೀ ಸಿಕ್ಕಿತೆಂದರೆ ಅದು 1900ರದ್ದೂ ಆಗಬಹುದು, 1980ರದ್ದೂ ಆಗಬಹುದು.

ಯಾವ ಕಾಲದ್ದೆಂದು ಹೇಳುವುದು ಅದರ ತಳ. ತಿಳಿದವರು ಮೊದಲು ತಳ ನೋಡುತ್ತಾರೆ, ನಾವು ಅಂಗಡಿಯಲ್ಲಿ ಪಾತ್ರೆ ತಿರುಗಿಸಿ ಗುರುತು ನೋಡುವ ಹಾಗೆ. ಮಾಡಿದ ಕಾರ್ಖಾನೆಯ ಅಕ್ಷರ, ಅನೇಕ ಸಲ ವರ್ಷದ ಅಂಕಿ, ತೋಟಾದ ಬಗೆ ಇಷ್ಟು ಅಲ್ಲಿ ಒತ್ತಿರುತ್ತದೆ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆ ಬಳಿಯ ಡಂ ಡಂ ಮತ್ತು ಪುಣೆ ಬಳಿಯ ಖಡ್ಕಿ, ಇವೆರಡೂ ತೋಟಾ ಮಾಡುವ ದೊಡ್ಡ ಕಾರ್ಖಾನೆಗಳು. ಖಡ್ಕಿಯದು 1869ರಲ್ಲಿ ಶುರುವಾದದ್ದು. ಅಕ್ಷರಗಳ ನಡುವೆ ಬಾಣದ ಗುರುತು ಇದ್ದರೆ ಅದು ಸರ್ಕಾರದ ಸೊತ್ತು ಎಂದು ಅರ್ಥ. ರೋಮನ್ ಅಂಕಿಯಲ್ಲಿ ಏಳು ಎಂದಿದ್ದರೆ ಅದು 1910ರಲ್ಲಿ ಬಂದ ಏಳನೇ ಮಾದರಿ, ಗುಂಡು ಚೂಪಾದದ್ದು. ಅದಕ್ಕೂ ಹಿಂದಿನದರ ಮೂತಿ ಮೊಂಡು. ಡಂ ಡಂ ಎಂಬ ಹೆಸರು ಲೋಕಕ್ಕೆಲ್ಲ ಗೊತ್ತಾದದ್ದು ಕೂಡ ಒಂದು ಗುಂಡಿನಿಂದಲೇ. ಮೈಯೊಳಗೆ ಹೊಕ್ಕು ಅರಳಿಕೊಳ್ಳುವ ಆ ಕ್ರೂರ ಗುಂಡನ್ನು 1890ರ ದಶಕದಲ್ಲಿ ಅಲ್ಲಿ ಮಾಡಿದರು. 1899ರ ಹೇಗ್ ಸಮ್ಮೇಳನ ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು ಘೋಷಿಸಿತು. ನೋಡಿ, ಒಂದು ತೋಟಾದ ತಳದಲ್ಲಿ ಎಷ್ಟು ಪಾಠ ಅಡಗಿದೆ!

ತಳದ ನಡುವೆ ಸಣ್ಣ ದುಂಡು ಬೊಟ್ಟು ಇರುತ್ತದೆ, ಅದೇ ಕೇಪು. ಕೋವಿಯ ಮೊಳೆ ಬಡಿದಾಗ ಹೊತ್ತುವುದು ಅದು. ಅಲ್ಲಿ ಗುಳಿ ಬಿದ್ದಿದ್ದು, ಕೊಳವೆ ಖಾಲಿಯಾಗಿದ್ದರೆ ಹಾರಿಸಿದ ತೋಟಾ. ಗುಳಿ ಇಲ್ಲ, ಗುಂಡು ಇದೆ ಎಂದರೆ ಜೀವಂತ ತೋಟಾ. ಗುಳಿಯೂ ಬಿದ್ದಿದೆ, ಗುಂಡೂ ಕೂತಿದೆ ಎಂದರೆ ಹೊಡೆದರೂ ಹಾರದೆ ಉಳಿದದ್ದು. "ಹಾರಲಿಲ್ಲವಲ್ಲ, ಸತ್ತುಹೋಗಿದೆ" ಎಂದು ಯಾರೂ ತಿಳಿಯಬಾರದು. ಒಳಗಿನ ಮದ್ದು ಒಳಗೇ ಇದೆ. ಇದನ್ನು ಮಕ್ಕಳಿಗೆ ಹೇಳಿಕೊಡುವುದು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಲಿ ಎಂದಲ್ಲ. ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದರೆ ಸಾಕು. ನೆಲದ ಮೇಲೆ ಕಂಡಾಗ "ಇದು ಮುಟ್ಟುವುದಲ್ಲ" ಎಂದು ದೂರದಿಂದಲೇ ಗುರುತು ಹಿಡಿಯಬೇಕು. ಆ ಗುರುತಿಗಾಗಿ ಈ ಪಾಠ.

"ಇಷ್ಟು ಹಳೆಯದು ಸಿಡಿಯುತ್ತದೆಯೇ ಮೇಷ್ಟ್ರೇ?" ಎಂದು ಒಬ್ಬ ತಂದೆ ಕೇಳಿದರು. ಸಿಡಿಯುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ ಒಬ್ಬರು ತಮ್ಮ ಮನೆಯಂಗಳದಲ್ಲಿ ಅಂತರ್ಯುದ್ಧ ಕಾಲದ ಫಿರಂಗಿ ಗುಂಡೊಂದನ್ನು ಶುಚಿ ಮಾಡುತ್ತಿದ್ದಾಗ ಅದು ಸಿಡಿದು ಸತ್ತರು. ಅವರು ಹೊಸಬರಲ್ಲ, ವರ್ಷಗಟ್ಟಲೆ ಅಂಥವನ್ನು ಸಂಗ್ರಹಿಸಿ ಪಳಗಿದವರು. ಯುದ್ಧ ಮುಗಿದು 140 ವರ್ಷ ದಾಟಿತ್ತು. ಫಿರಂಗಿ ಗುಂಡುಗಳಲ್ಲಿ ಎರಡು ಬಗೆ. ಒಂದು ಗಟ್ಟಿ ಕಬ್ಬಿಣ, ಇನ್ನೊಂದು ಒಳಗೆ ಟೊಳ್ಳಾಗಿ ಮದ್ದು ತುಂಬಿದ್ದು. ಮಣ್ಣು ಮೆತ್ತಿಕೊಂಡಿರುವಾಗ ಎರಡೂ ಒಂದೇ ಥರ ಕಾಣುತ್ತವೆ. ಗುಜರಿಗೆ ಹಾಕುವ ಮುನ್ನ ಸುತ್ತಿಗೆಯಿಂದ ಬಡಿಯುವುದು, ಒಲೆಗೆ ಹಾಕಿ ಸೀಸ ಕರಗಿಸುವುದು, ತೂತು ಕೊರೆದು ಕೀ ಗೊಂಚಲಿಗೆ ಹಾಕಿಕೊಳ್ಳುವುದು ಇವೆಲ್ಲ ಯಮನನ್ನು ಮನೆಗೆ ಕರೆಯುವ ಕೆಲಸ. ಸಿಡಿಯದ ಸೀಸದ ಗುಂಡು ಕೂಡ ಮಕ್ಕಳ ಬಾಯಿಗೆ ಹೋದರೆ ವಿಷವೇ.

ನಮ್ಮ ಕಾಡಂಚಿನ ಊರುಗಳಿಗೆ ಇನ್ನೊಂದು ಅಪಾಯವೂ ಇದೆ. ಹಂದಿ ಹೊಡೆಯಲು ತಿನಿಸಿನಲ್ಲಿ ಅಡಗಿಸಿ ಇಡುವ ಸಿಡಿಮದ್ದಿನ ಉಂಡೆ. ಅದು ಇನ್ನೂರು ವರ್ಷ ಹಳೆಯದಲ್ಲ, ನಿನ್ನೆ ರಾತ್ರಿಯದು. 2020ರಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಅಂಥದ್ದನ್ನು ಕಚ್ಚಿ ಬಾಯಿ ಒಡೆದುಕೊಂಡು ಹೊಳೆಯಲ್ಲಿ ನಿಂತು ಸತ್ತದ್ದು ದೇಶಕ್ಕೆಲ್ಲ ಗೊತ್ತು. ಹಳೆಯ ಗುಂಡು ಹುಡುಕುತ್ತ ಬೇಲಿ ಸಾಲಿನಲ್ಲಿ ಕೈಯಾಡಿಸುವ ಮಗುವಿಗೆ ಯಾವುದು ಚರಿತ್ರೆ, ಯಾವುದು ಹಂದಿಯ ಉಂಡೆ ಎಂದು ಹೇಗೆ ಗೊತ್ತಾಗಬೇಕು?

ಹಾಗೆಂದು ಮಣ್ಣಲ್ಲಿ ಸಿಕ್ಕಿದ್ದನ್ನೆಲ್ಲ ಕಣ್ಣು ಮುಚ್ಚಿ ಬಿಟ್ಟುಬಿಡಿ ಎನ್ನುತ್ತೇವೆಯೇ? ಇಲ್ಲ. ಶಿವಮೊಗ್ಗ ಜಿಲ್ಲೆಯ ನಗರದ ಕತೆ ಕೇಳಿ. ಹೊಸನಗರ ತಾಲ್ಲೂಕಿನ ಆ ಹಳೆಯ ಬಿದನೂರಿನಲ್ಲಿ 2002ರಲ್ಲಿ ಒಂದು ಪಾಳು ಬಾವಿಯಿಂದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ತುಕ್ಕು ಹಿಡಿದ ಆ ಕೊಳವೆಗಳು ಮೈಸೂರು ಸೈನ್ಯದ ರಾಕೆಟ್ಟುಗಳು ಎಂದು ಗುರುತಾಗಲು ವರ್ಷಗಳೇ ಬೇಕಾದವು. ಆ ಮೇಲೆ 2018ರ ಜುಲೈನಲ್ಲಿ ಕರ್ನಾಟಕದ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದರು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಮೂರು ದಿನದ ಕೆಲಸದಲ್ಲಿ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು ಮೈಸೂರಿನವರ ರಾಕೆಟ್ ನೋಡಿ ಎಂಬುದನ್ನು ಮಕ್ಕಳು ಓದುತ್ತಾರೆ. ಆ ರಾಕೆಟ್ಟಿನ ರಾಶಿಯೇ ಒಂದು ಬಾವಿಯಲ್ಲಿ ಮಲಗಿತ್ತು. ಸಿಕ್ಕಿದವುಗಳನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಮ್ಯೂಸಿಯಂಗೆ ಸೇರಿಸಿದರು.

ಇದರಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಒಂದು. ಮೊದಲು ಸಿಕ್ಕವನ್ನು ಯಾರೋ ಒಂದೊಂದಾಗಿ ಗುಜರಿಗೆ ಹಾಕಿದ್ದರೆ? ಕಿಲೋ ಲೆಕ್ಕದಲ್ಲಿ ಹಳೇ ಕಬ್ಬಿಣವಾಗಿ ಹೋಗುತ್ತಿದ್ದವು. ಎಲ್ಲಿ ಸಿಕ್ಕವೆಂಬುದು ಗೊತ್ತಿದ್ದದ್ದರಿಂದಲೇ ಹದಿನಾರು ವರ್ಷದ ಮೇಲೆ ಉಳಿದವು ಸಿಕ್ಕವು. ವಸ್ತುವಿಗಿಂತ ಅದು ಸಿಕ್ಕ ಜಾಗ ದೊಡ್ಡದು.

ಈ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಎಂಬ ಯುದ್ಧಭೂಮಿ. 1876ರ ಜೂನ್‌ನಲ್ಲಿ ಅಲ್ಲಿ ಲಕೋಟಾ, ಶೆಯೆನ್ ಮುಂತಾದ ಮೂಲನಿವಾಸಿಗಳ ಕೈಯಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯೂ ಅವನ ಜತೆಗಿದ್ದ ತುಕಡಿಯೂ ಸತ್ತರು. ಬಿಳಿಯರ ಪುಸ್ತಕಗಳು ಅದನ್ನು ಕೊನೆಯುಸಿರಿನವರೆಗೂ ಕಾದಾಡಿದ ವೀರಗಾಥೆ ಮಾಡಿದವು. ಮೂಲನಿವಾಸಿ ಮುದುಕರು ಬೇರೆಯೇ ಹೇಳುತ್ತಿದ್ದರು, ಆದರೆ ಅವರ ಮಾತಿಗೆ ಬೆಲೆ ಇರಲಿಲ್ಲ. 1983ರಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬೋಳಾಯಿತು. ಮುಂದಿನ ಎರಡು ವರ್ಷ ಪುರಾತತ್ವದವರು ಮೆಟಲ್ ಡಿಟೆಕ್ಟರ್ ಹಿಡಿದವರನ್ನು ಸಾಲಾಗಿ ನಿಲ್ಲಿಸಿ ನೆಲವನ್ನು ಜಾಲಾಡಿದರು. ಶಬ್ದ ಬಂದ ಕಡೆ ಬಾವುಟ ನೆಟ್ಟು, ಅಳತೆ ಹಿಡಿದು, ನಕ್ಷೆಯಲ್ಲಿ ಗುರುತಿಸಿ, ಆ ಮೇಲೆ ಎತ್ತಿದರು. ಖಾಲಿ ತೋಟಾದ ತಳದಲ್ಲಿ ಕೋವಿಯ ಮೊಳೆ ಬಿಡುವ ಗುರುತು ಬೆರಳಚ್ಚಿನ ಹಾಗೆ, ಒಂದೊಂದು ಕೋವಿಯದು ಒಂದೊಂದು ಥರ. ಅದನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಒಂದು ಕೋವಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಗೆರೆ ಎಳೆದರು. ಕೊನೆಗೆ ಹೊರಬಂದ ಚಿತ್ರ ಆ ಮುದುಕರು ಹೇಳಿದ್ದಕ್ಕೇ ಹೆಚ್ಚು ಹತ್ತಿರ ಇತ್ತು!

ಪುಸ್ತಕದಲ್ಲಿ ಜಾಗ ಸಿಗದವರ ಪರವಾಗಿ ಖಾಲಿ ತೋಟಾಗಳು ಸಾಕ್ಷಿ ಹೇಳಿದವು. ಯಾಕೆ ಹೇಳಿದವು? ಎದ್ದ ಜಾಗ ಬರೆದಿಟ್ಟಿದ್ದರಿಂದ. ಯಾರೋ ಅವನ್ನೆಲ್ಲ ಹೆಕ್ಕಿ ಡಬ್ಬಿಯಲ್ಲಿ ತುಂಬಿಟ್ಟಿದ್ದರೆ ಅದು ಹಿತ್ತಾಳೆಯ ಡಬ್ಬಿ, ಅಷ್ಟೇ.

ಈಗ ನಮ್ಮ ಕಡೆಗೆ ಬನ್ನಿ. ಮೆಟಲ್ ಡಿಟೆಕ್ಟರ್ ಇಂದು ಕೆಲವು ಸಾವಿರ ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಗಡಿಯ ಎರಡೂ ಕಡೆ ರಾತ್ರಿ ಹೊತ್ತು ನಿಧಿ ಹುಡುಕುವವರ ಕಾಟ ಯಾರಿಗೆ ಗೊತ್ತಿಲ್ಲ? ವೀರಗಲ್ಲು ಕಿತ್ತರು, ಪಾಳು ಗುಡಿಯ ಪೀಠ ಅಗೆದರು ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಅವರಿಗೆ ಬೇಕಾದದ್ದು ಚಿನ್ನ. ತೋಟಾ, ಸೀಸದ ಗುಂಡು ಸಿಕ್ಕರೆ ಬಿಸಾಡುತ್ತಾರೆ, ಇಲ್ಲವೇ "ಟಿಪ್ಪು ಕಾಲದ್ದು" ಎಂದು ಸುಳ್ಳು ಹೇಳಿ ಮಾರುತ್ತಾರೆ. ಹಗಲು ಹೊತ್ತಿನಲ್ಲಿ ಹವ್ಯಾಸ ಎಂದು ಬರುವ ಪಟ್ಟಣದ ಹುಡುಗರೂ ಜಾಗ ಬರೆದಿಡದಿದ್ದರೆ ಮಾಡುವ ನಷ್ಟ ಅಷ್ಟೇ. ಅಗೆದ ಗುಂಡಿ ಮುಚ್ಚಬಹುದು, ಕಳೆದುಹೋದ ಗುರುತು ಮತ್ತೆ ಬರುವುದಿಲ್ಲ. ಆದ್ದರಿಂದ ನಮ್ಮ ಅಭಿಪ್ರಾಯ ನೇರವಾಗಿಯೇ ಹೇಳುತ್ತೇವೆ. ಆ ಯಂತ್ರ ಪುರಾತತ್ವದವರ ಕೈಯಲ್ಲಿರಲಿ. ನಮ್ಮ ಹೊಲಕ್ಕೆ ಅದನ್ನು ಹಿಡಿದು ಬಂದವರಿಗೆ ಬೇಡ ಎನ್ನಬೇಕು. ಮಕ್ಕಳ ಕೈಗಂತೂ ಕೊಡಲೇಬಾರದು.

ಕಾನೂನೂ ಇದೆ. ರಾಯಕೋಟೆ, ಕೃಷ್ಣಗಿರಿ ಕೋಟೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯ್ದೆಯಂತೆ ಅಲ್ಲಿ ಅನುಮತಿ ಇಲ್ಲದೆ ಅಗೆಯುವಂತಿಲ್ಲ. ಮಣ್ಣಿನಲ್ಲಿ ಅಡಗಿದ್ದ, ಹತ್ತು ರೂಪಾಯಿಗೆ ಮೇಲೆ ಬೆಲೆಬಾಳುವ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕೆಂದು 1878ರಿಂದಲೇ ಕಾಯ್ದೆ ಇದೆ. ಜೀವಂತ ತೋಟಾ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಶಾಲೆಯ ಬೀರುವಿನಲ್ಲಿ "ಪ್ರದರ್ಶನಕ್ಕೆ" ಎಂದು ಇಟ್ಟರೂ ಅದು ಇಟ್ಟುಕೊಂಡಂತೆಯೇ.

ಇಲ್ಲಿ ತಂದೆತಾಯಿಯರ ಭಯ ನಮಗೆ ಗೊತ್ತು. "ಹೇಳಿದರೆ ನಮ್ಮ ಮೇಲೇ ಕೇಸು ಹಾಕಿದರೆ? ಸ್ಟೇಷನ್ ಮೆಟ್ಟಿಲು ಯಾರು ಹತ್ತುತ್ತಾರೆ ಮೇಷ್ಟ್ರೇ? ಸುಮ್ಮನೆ ಬಾವಿಗೆ ಹಾಕಿದರೆ ಆಯಿತು." ಗಡಿಯಲ್ಲಿ ಬೇರೆ ಭಾಷೆಯ ಕಚೇರಿಗೆ ಹೋಗಿ ನಿಲ್ಲುವವರ ಅಳುಕು ಅದು, ನಗುವ ಮಾತಲ್ಲ. ಆದರೆ ಯೋಚಿಸಿ. ವಸ್ತು ತನ್ನ ಬಳಿ ಇದೆ ಎಂಬ ಅರಿವಿದ್ದರೆ ಮಾತ್ರ ಇಟ್ಟುಕೊಂಡ ಅಪರಾಧವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಗೊತ್ತಿಲ್ಲದೆ ಹೊಲದಲ್ಲಿ ಇದ್ದದ್ದು ನಿಮ್ಮ ತಪ್ಪಲ್ಲ. ಗೊತ್ತಾದ ಮೇಲೆ ಟ್ರಂಕಿನಲ್ಲಿ ಮುಚ್ಚಿಟ್ಟರೆ ಆ ಆಸರೆ ಹೋಗುತ್ತದೆ. ಹೇಳುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು ಅಪಾಯ. ಬಾವಿಗೆ ಹಾಕಿದರಂತೂ ಮುಂದೆ ಹೂಳೆತ್ತುವವನ ಕೈಗೆ ಸಿಗುತ್ತದೆ. ನಮ್ಮ ಹುಡುಗಿಗೆ ಸಿಕ್ಕಿದ್ದು ಹೂಳಿನಲ್ಲೇ ತಾನೆ? ಒಬ್ಬರೇ ಹೋಗಲು ಅಳುಕಾದರೆ ಶಾಲೆಗೆ ಹೇಳಿ. ಫೋನ್ ನಾವು ಮಾಡುತ್ತೇವೆ, ಜತೆಗೂ ಬರುತ್ತೇವೆ. ಮೇಷ್ಟ್ರ ಕೆಲಸ ಎಂದರೆ ಅದೂ ಸೇರಿದ್ದೇ.

ಆ ದಿನದ ನಂತರ ನಮ್ಮ ಶಾಲೆಯಲ್ಲಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ವಸ್ತುಗಳನ್ನು ತರಿಸುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಬದಲಿಗೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಇಟ್ಟಿದ್ದೇವೆ. ಯಾರಿಗಾದರೂ ಏನಾದರೂ ಕಂಡರೆ ಮುಟ್ಟದೆ, ಎತ್ತದೆ, ಪಕ್ಕದಲ್ಲಿ ಒಂದು ಕಲ್ಲೋ ಕಡ್ಡಿಯೋ ಗುರುತಿಗೆ ಇಟ್ಟು, ದೊಡ್ಡವರನ್ನು ಕರೆಯಬೇಕು. ಆ ಮೇಲೆ ಪುಸ್ತಕದಲ್ಲಿ ಬರೆಯಬೇಕು: ಯಾವ ದಿನ, ಯಾವ ಹೊಲ, ಯಾವ ಮರದಿಂದ ಎಷ್ಟು ಹೆಜ್ಜೆ, ಉಳುವಾಗಲೋ ಮಳೆಗೆ ಕೊಚ್ಚಿಯೋ, ಮೂಲ ಮಣ್ಣೋ ಹೊರಗಿಂದ ತಂದ ಹೂಳೋ. ನೋಡಿದಷ್ಟು ಚಿತ್ರ ಬಿಡಿಸಬೇಕು. ಗುಂಡು, ಮದ್ದಿನ ಥರ ಕಂಡರೆ ಪೊಲೀಸರಿಗೆ ಫೋನ್. ನಾಣ್ಯ, ಕಲ್ಲು, ಶಾಸನದ ಥರ ಕಂಡರೆ ವಿ.ಎ.ಓ.ಗೆ ಹೇಳಿ, ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂಗೆ ಒಂದು ಪತ್ರ. ಪತ್ರವನ್ನು ಮಕ್ಕಳೇ ಕನ್ನಡದಲ್ಲೂ ತಮಿಳಿನಲ್ಲೂ ಬರೆಯುತ್ತಾರೆ. ಎರಡೂ ಭಾಷೆಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಯಾವುದು?

ಹಾಗೆ ಮಾಡಿದರೆ ಮಕ್ಕಳ ಕುತೂಹಲ ಕೊಂದಂತಲ್ಲವೇ ಎಂದು ನಮ್ಮಲ್ಲೇ ಒಬ್ಬರು ವಾದಿಸಿದರು. ಕೈಯಲ್ಲಿ ಹಿಡಿದರೆ ಬರುವ ರೋಮಾಂಚನ ಚಿತ್ರದಲ್ಲಿ ಬರುತ್ತದೆಯೇ ಎಂದರು. ಅವರ ಮಾತಿನಲ್ಲಿ ಹುರುಳಿದೆ. ಬರುವುದಿಲ್ಲ. ಆದರೆ ಕುತೂಹಲ ಎಂದರೆ ಬರೀ ಎತ್ತಿಕೊಳ್ಳುವುದಲ್ಲ, ಕೇಳುವುದು. "ಟಿಪ್ಪು ಕಾಲದ್ದಾ ಸಾರ್?" ಎಂದಾಗ "ಇರಬಹುದು" ಎಂದು ನಾವು ಆ ಪ್ರಶ್ನೆಯ ಬಾಯಿ ಮುಚ್ಚಿದೆವು. "ತಿರುಗಿಸಿ ನೋಡೋಣ, ತಳದಲ್ಲಿ ಏನು ಬರೆದಿದೆ, ಹಿತ್ತಾಳೆ ತೋಟಾ ಬಂದದ್ದು ಯಾವಾಗ, ಟಿಪ್ಪು ಇದ್ದದ್ದು ಯಾವಾಗ" ಎಂದಿದ್ದರೆ ಆ ಹುಡುಗನೇ ಐದು ನಿಮಿಷದಲ್ಲಿ ಉತ್ತರ ಹೇಳುತ್ತಿದ್ದ. ಆ ಹುಡುಗಿಗೂ ತೋಟಾ ಹೊತ್ತು ತರುವ ಕೆಲಸ ಇರುತ್ತಿರಲಿಲ್ಲ.

ಆ ಹುಡುಗ ಈಗ ಪುಸ್ತಕದ ಉಸ್ತುವಾರಿ ನೋಡಿಕೊಳ್ಳುತ್ತಾನೆ. ಮೊದಲ ಪುಟದಲ್ಲಿ ತಾನೇ ಬರೆದಿದ್ದಾನೆ: "ಹನ್ನೆರಡು ಬೋರಿನ ತೋಟಾದ ಬುಡ. ನಮ್ಮ ರಾಗಿ ಹೊಲ, ಹೊಂಗೆ ಮರದಿಂದ ಕಾಡಿನ ಕಡೆಗೆ ನಲವತ್ತು ಹೆಜ್ಜೆ. ಟಿಪ್ಪು ಕಾಲದ್ದಲ್ಲ." ತಾತನಿಗೂ ಓದಿ ಹೇಳಿದನಂತೆ. ತಾತ ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ನಮ್ಮ ಹೊಲದಲ್ಲಿ ಕೋವಿ ಹಾರಿಸಿದವನು ಯಾವನು?" ಎಂದರಂತೆ!

ಒಳ್ಳೆಯ ಪ್ರಶ್ನೆ. ಚರಿತ್ರೆ ಶುರುವಾಗುವುದೇ ಅಂಥ ಪ್ರಶ್ನೆಯಿಂದ. ನಿಮ್ಮ ಶಾಲೆಯಲ್ಲೂ ಅಂಥದ್ದೊಂದು ಪುಸ್ತಕ ಇಡಿ. ಖರ್ಚು ಒಂದು ನೋಟ್ ಪುಸ್ತಕದ್ದು ಮಾತ್ರ. ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲದ ಕನ್ನಡ ಶಾಲೆಗಳೆಲ್ಲ ಹೀಗೆ ಬರೆದಿಟ್ಟರೆ, ಇನ್ನು ಹತ್ತು ವರ್ಷದಲ್ಲಿ ಯಾವ ರಾಜ್ಯದ ಪಾಠಪುಸ್ತಕದಲ್ಲೂ ಇಲ್ಲದ ನಮ್ಮ ಸೀಮೆಯ ನಕ್ಷೆಯೊಂದು ಮಕ್ಕಳ ಅಕ್ಷರದಲ್ಲೇ ತಯಾರಾಗುತ್ತದೆ. ಏನಂತೀರಾ?